ಅರ್ಧ ಪ್ರದಕ್ಷಿಣೆ

ನಿವೃತ್ತನಾದ ಮನುಷ್ಯನಿಗೆ ಸುತ್ತುವುದಕ್ಕೆ ಏನಾದರೂ ಒಂದು ಬೇಕು. ಕೆಲಸದಲ್ಲಿದ್ದಾಗ ಮೇಲಧಿಕಾರಿಗಳ ಸುತ್ತ ಸುತ್ತಿದ್ದಾಯಿತು. ಮಕ್ಕಳ ಮದುವೆಯ ಕಾಲಕ್ಕೆ ಛತ್ರಗಳನ್ನು ಸುತ್ತಿದ್ದಾಯಿತು. ಆಮೇಲೆ ಉಳಿಯುವುದು ಅಶ್ವತ್ಥಕಟ್ಟೆ, ಇಲ್ಲವೆ ಡಾಕ್ಟರ ಮನೆ. ನನ್ನ ಡಾಕ್ಟರು ಒಳ್ಳೆಯವರು. ರಕ್ತದಲ್ಲಿ ಸಕ್ಕರೆ ಸೇರಿಕೊಂಡಿರುವುದನ್ನು ಕಂಡು, "ದಿನಾ ಐದು ಸಾವಿರ ಹೆಜ್ಜೆ ನಡೀರಿ" ಎಂದರು. ಎಲ್ಲಿ ನಡೆಯಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ನಮ್ಮ ಬಡಾವಣೆಯ ರಸ್ತೆಗಳಲ್ಲಿ ನಡೆದರೆ ಸಕ್ಕರೆ ಇಳಿಯುವುದಕ್ಕೆ ಮುಂಚೆ ಮನುಷ್ಯನೇ ಚರಂಡಿಗೆ ಇಳಿದಿರುತ್ತಾನೆ. ಹೀಗಾಗಿ ನಾನು ಕೆರೆಯ ಪಾಲಾದೆ.

ಕೆರೆ ಎಂದೊಡನೆ ವಾಚಕರು ತಾವರೆಯನ್ನೂ ಹಂಸವನ್ನೂ ಕಲ್ಪಿಸಿಕೊಳ್ಳುವುದು ಬೇಡ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ನಾವು ಮನೆ ಕಟ್ಟಿದ ಹೊಸತರಲ್ಲಿ ಅದಕ್ಕೆ ಬೆನ್ನು ಮಾಡಿಕೊಂಡೇ ಬದುಕಿದೆವು. ಹಿತ್ತಿಲ ಕಿಟಕಿಯನ್ನು ತೆರೆದರೆ ವಾಸನೆ, ಮುಚ್ಚಿದರೆ ಸೆಕೆ. ಮೂರು ಬಡಾವಣೆಗಳ ಕೊಳಚೆ ರಾಜಕಾಲುವೆಯಲ್ಲಿ ರಾಜಗಾಂಭೀರ್ಯದಿಂದ ಹರಿದುಬಂದು ಅದರೊಳಗೆ ಬೀಳುತ್ತಿತ್ತು. ರಾತ್ರಿ ಹನ್ನೊಂದರ ಮೇಲೆ ಲಾರಿಗಳು ಬಂದು, ಒಡೆದ ಮನೆಗಳ ಇಟ್ಟಿಗೆ ಗಾರೆಗಳನ್ನು ದಡದಲ್ಲಿ ಸುರಿದು, ದೀಪ ಆರಿಸಿಕೊಂಡು ಹೋಗುತ್ತಿದ್ದುವು. ಆದರೂ ಅದು ಕೆರೆಯೇ. ಕಲ್ಲಿನ ತೂಬು ಇತ್ತು, ಕೋಡಿ ಇತ್ತು, ಏರಿಯ ಮೇಲೆ ಒಂದು ಸಣ್ಣ ಗುಡಿಯೂ ಇತ್ತು. ನಮ್ಮ ಮನೆಯೇ ನಿಂತಿರುವುದು ಆ ಕೆರೆಯ ಅಚ್ಚುಕಟ್ಟಿನಲ್ಲಿ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾವು ಸಾರಿಗೆ ಒಗ್ಗರಣೆ ಹಾಕುವ ಜಾಗದಲ್ಲಿ ಹಿಂದೆ ಯಾರದೋ ಭತ್ತ ತೆನೆಯಾಗಿತ್ತು.

ಈ ಊರಿನಲ್ಲಿ ಕೆರೆಗಳಿಗೆ ಆಗುವ ಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಧರ್ಮಾಂಬುಧಿ ಇದ್ದೆಡೆಯಲ್ಲಿ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಹೊಟ್ಟೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಉಳಿದಿರುವ ಕೆರೆಗಳನ್ನು ಒಡೆಯಕೂಡದು, ನೀರಿನ ನೆಲೆಗಳಾಗಿಯೇ ಕಾಪಾಡಬೇಕು ಎಂದು ಲಕ್ಷ್ಮಣರಾವ್ ಸಮಿತಿ 1986ರಲ್ಲಿಯೇ ಹೇಳಿತು. ಹೇಳುವುದಕ್ಕೂ ಆಗುವುದಕ್ಕೂ ನಡುವೆ ಎಷ್ಟು ಲಾರಿ ಮಣ್ಣು ಹಿಡಿಸುತ್ತದೆಂಬುದನ್ನು ನಾವು ಹಿತ್ತಿಲ ಕಿಟಕಿಯಿಂದಲೇ ಕಾಣುತ್ತಿದ್ದೆವು. ಕೊನೆಗೆ, ಕೆರೆಗೆ ಬೆನ್ನು ಮಾಡಿದ್ದ ನಾವೇ ಹತ್ತು ಹದಿನೈದು ಜನ ಅದಕ್ಕೆ ಮುಖ ಮಾಡಿ ನಿಂತು, ಒಂದು ಸಮಿತಿ ಮಾಡಿಕೊಂಡೆವು. ನಮ್ಮ ಜನ ಏನು ಮಾಡದಿದ್ದರೂ ಸಮಿತಿಯನ್ನು ಚೆನ್ನಾಗಿ ಮಾಡುತ್ತಾರೆ. ನಮ್ಮದರಲ್ಲಿ ನಿವೃತ್ತ ಇಂಜಿನಿಯರೊಬ್ಬರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಹುಡುಗಿಯೊಬ್ಬಳು, ಹೆಜ್ಜೆ ಎಣಿಸುವ ಗಡಿಯಾರವನ್ನು ಕಟ್ಟಿಕೊಂಡು ನಿದ್ದೆಯಲ್ಲೂ ಅದನ್ನು ಬಿಚ್ಚದ ತರುಣನೊಬ್ಬ, ಮತ್ತು ಯಾವ ವಿದ್ಯೆಯೂ ಇಲ್ಲವಾದ್ದರಿಂದ ಕಾರ್ಯದರ್ಶಿಯಾಗಿ ನಾನು.

ಮೊದಲು ಬೇರೆಯವರು ಏನು ಮಾಡಿದ್ದಾರೆಂದು ನೋಡಿಬರಲು ಹೊರಟೆವು. ಜೆ. ಪಿ. ನಗರದ ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆ 13 ಎಕರೆ 25 ಗುಂಟೆಯದು; ಕೆರೆಗಳ ಪೈಕಿ ಕೂಸು. ಅಕ್ಕಪಕ್ಕದ ಮನೆಗಳವರು 2008ರಲ್ಲಿ ಅದರ ಗೊಡವೆಗೆ ಹೋದರು. ಆಗಿನ ಮಹಾನಗರಪಾಲಿಕೆ ಅದನ್ನು ದುರಸ್ತು ಮಾಡಿಸಿತು. 2011ರಲ್ಲಿ ಆ ನೆರೆಹೊರೆಯವರ ವಿಶ್ವಸ್ತ ಮಂಡಲಿಯೇ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಪಾಲನೆಯ ಭಾರವನ್ನು ಹೊತ್ತಿತು. ಅವರಿಗೆ ಎದುರಾದ ಪೇಚು ಎಂದರೆ, ಕೆರೆ ಸಿದ್ಧವಾಯಿತು, ನೀರು ಬರುವ ದಾರಿಗಳೇ ಮುಚ್ಚಿಹೋಗಿದ್ದುವು! ಮಳೆಯ ನೀರನ್ನು ತಿರುಗಿಸಿ ತರಬೇಕಾಯಿತು. ಮುಂದೆ ಪಕ್ಕದ ವಸತಿ ಸಮುಚ್ಚಯದವರು ಶುದ್ಧಿ ಮಾಡಿದ ನೀರನ್ನೂ ಬರಮಾಡಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ 48 ಎಕರೆ. ಅಲ್ಲಿ ನಿವಾಸಿಗಳೂ ಜೀವಿಪರಿಸರ ಬಲ್ಲವರೂ ಪಾಲಿಕೆಯೊಡನೆ ಕೂತು ನಕ್ಷೆ ಬರೆದರು. ದಡದ ಹುಲ್ಲನ್ನು ಊರಿನವರು ದನಗಳಿಗೆ ಕೊಯ್ದುಕೊಂಡು ಹೋಗುವುದಕ್ಕೆ ಅಲ್ಲಿ ಎಡೆ ಉಳಿಸಿದರೆಂದು ಯಾರೋ ಹೇಳಿದರು. ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಬರೆದುಕೊಂಡು ಮರೆತೆ.

ಜಕ್ಕೂರಿನಲ್ಲಿ ನಮ್ಮ ಇಂಜಿನಿಯರಿಗೆ ಬಹಳ ಸಂತೋಷವಾಯಿತು. ಅಲ್ಲಿ ಕೊಳಚೆ ಮೊದಲು ಶುದ್ಧೀಕರಣದ ಸ್ಥಾವರದಲ್ಲಿ ಹಾಯುತ್ತದೆ; ಅಲ್ಲಿಂದ ಬಂದ ನೀರು ನೇರವಾಗಿ ಕೆರೆಗೆ ಇಳಿಯದೆ, ಆಪು ಜೊಂಡುಗಳು ತುಂಬಿದ ಜೌಗಿನೊಳಗೆ ನಿಧಾನವಾಗಿ ಸೋಸಿಕೊಂಡು ಹೋಗುತ್ತದೆ. ಸ್ಥಾವರಕ್ಕೆ ಸಿಕ್ಕದೆ ಉಳಿದ ಸಾರಜನಕ ರಂಜಕಗಳನ್ನು ಆ ಗಿಡಗಳ ಬೇರು ಹೀರಿಕೊಳ್ಳುತ್ತದೆ. ಗಸಿ ತಳಕ್ಕೆ ಕೂರುತ್ತದೆ. ಆ ಸಾರವೆಲ್ಲ ಹಾಗೆಯೇ ಕೆರೆಗೆ ಬಂದುಬಿಟ್ಟರೆ ಅಂತರಗಂಗೆಗೆ ಹಬ್ಬ. ಹದಿನೈದು ದಿನದಲ್ಲಿ ನೀರೇ ಕಾಣದ ಹಾಗೆ ಹಾಸಿ, ಕೆಳಗಿನ ಮೀನಿಗೆ ಉಸಿರಿಲ್ಲದಂತೆ ಮಾಡುತ್ತದೆ. ಇಷ್ಟನ್ನು ಕಾಲೇಜಿನ ಹುಡುಗಿ ವಿವರಿಸುತ್ತಿದ್ದಾಗ ಇಂಜಿನಿಯರು ತಲೆದೂಗಿದರು. ನಾನು ಕಾಲುದಾರಿಯನ್ನು ನೋಡುತ್ತಿದ್ದೆ.

ನನ್ನ ಮನಸ್ಸೆಲ್ಲ ಆ ದಾರಿಯ ಮೇಲೆಯೇ ಇತ್ತು. ಅದಕ್ಕೊಂದು ಕಾರಣವುಂಟು. ನಾನು ಓದಿದ್ದು ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿ ನಮ್ಮ ಎರಡನೆಯ ಪಾಠಶಾಲೆ. ಕುವೆಂಪು ಅವರು ನಡೆದಾಡಿದ ಏರಿ ಎಂಬ ಒಂದೇ ಕಾರಣಕ್ಕೆ, ಕವಿತೆಯ ಗಂಧವಿಲ್ಲದ ನನ್ನಂಥವರೂ ಅಲ್ಲಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದೆವು. ಮದುವೆಯಾದ ವರ್ಷ ನನ್ನಾಕೆಯನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಹೊಸ ಮದುವಣಗಿತ್ತಿಯೊಡನೆ ಏನು ಮಾತನಾಡಬೇಕೆಂದು ತಿಳಿಯದೆ ಕೆರೆಯನ್ನು ಒಂದು ಸುತ್ತು ಹಾಕಿದೆವು. ಹೊರಟ ಜಾಗಕ್ಕೇ ಬಂದು ಸೇರಿದಾಗ ಆಕೆ, "ಇನ್ನೊಂದು ಸುತ್ತು ಹೋಗೋಣವೇ?" ಎಂದಳು. ಆ ದಿನದಿಂದ ನನ್ನ ಪಾಲಿಗೆ ಕೆರೆ ಎಂದರೆ ಒಂದು ಪೂರ್ತಿ ಸುತ್ತು. ಈಗ ಆಕೆಯ ಮಂಡಿ ಸವೆದಿದೆ. ಆದರೂ, ಸಮನಾದ ದಾರಿ ಒಂದಿದ್ದರೆ, ನಿಧಾನವಾಗಿ, ಕೂತು ಎದ್ದು, ಒಮ್ಮೆ ಪೂರ್ತಿ ಸುತ್ತಿ ಬರಬಹುದೆಂದು ನನಗೆ ಆಸೆ. ಇದನ್ನು ಸಮಿತಿಯಲ್ಲಿ ಹೇಳುವ ಹಾಗಿರಲಿಲ್ಲ. "ಸಾರ್ವಜನಿಕ ಹಿತದೃಷ್ಟಿಯಿಂದ" ಎಂದು ಹೇಳಿದೆ.

ನಕ್ಷೆ ಬಂತು. ದಾರಿ ಏರಿಯ ಮೇಲೆ ಹೊರಟು, ಗುಂಡುತೋಪನ್ನು ಬಳಸಿ, ಕೆರೆಯ ಮೇಲುಭಾಗಕ್ಕೆ ಹೋಗಿ, ಅಲ್ಲಿ ನಿಂತುಬಿಟ್ಟಿತು. ಇನ್ನೊಂದು ಕಡೆಯಿಂದ ಹೊರಟದ್ದೂ ಅಲ್ಲಿಯೇ ನಿಂತಿತು. ನಡುವೆ ಅರವತ್ತು ಎಪ್ಪತ್ತು ಗಜ. ರಾಜಕಾಲುವೆ ಕೆರೆಗೆ ಸೇರುವ ಜಾಗ ಅದು. ಆಪು ಆಳೆತ್ತರ ಬೆಳೆದು, ನಡುವೆ ಮೊಣಕಾಲುದ್ದ ನೀರು. ಇಂಜಿನಿಯರು, "ಮಣ್ಣು ತುಂಬಿ ಒಂದು ಮೋರಿ ಇಟ್ಟರೆ ಸುತ್ತು ಕೂಡಿಕೊಳ್ಳುತ್ತದೆ" ಎಂದರು. ಹುಡುಗಿ, "ಕೂಡಿಕೊಳ್ಳಬಾರದು" ಎಂದಳು.

ಅವಳ ವಾದ ಹೀಗೆ. ಕೆರೆಯನ್ನು ಜೀರ್ಣೋದ್ಧಾರ ಮಾಡುತ್ತೇವೆಂದು ಹೊರಡುವವರು ಮೊದಲು ಮಾಡುವ ಕೆಲಸ ಯಂತ್ರ ತಂದು ಹೂಳೆತ್ತಿ, ದಡವನ್ನು ಗೋಡೆಯಂತೆ ಕಡಿದು, ಕೆರೆಯನ್ನು ಸಾರಿನ ಬಟ್ಟಲು ಮಾಡುವುದು. ನೀರು ಹೆಚ್ಚು ನಿಲ್ಲುತ್ತದೆ, ನಿಜ. ಆದರೆ ಕೊಕ್ಕರೆಗೆ ನಿಲ್ಲಲು ನೆಲವಿಲ್ಲ. ಟಿಟ್ಟಿಭಕ್ಕೆ ಮೊಟ್ಟೆಯಿಡಲು ಬಯಲಿಲ್ಲ. ಹಕ್ಕಿಗಳಲ್ಲಿ ಈಜುವುವು ಕೆಲವು, ಅಂಚಿನಲ್ಲಿ ನಡೆಯುವುವು ಹಲವು. ಅವಕ್ಕೆ ಬೇಕಾದ್ದು ಇಳಿಜಾರಾದ ಕೆಸರಿನ ಅಂಚು. ಮಿಕ್ಕ ದಡವನ್ನು ಮನುಷ್ಯರಿಗೆ ಬಿಟ್ಟಮೇಲೆ, ನೀಲಿ ಜಂಬುಕೋಳಿ, ನಾಮದ ಕೋಳಿ, ಗುಳುಮುಳುಕಗಳಿಗೆ ಯಾರೂ ಕಾಲಿಡದ ಒಂದು ಮೂಲೆಯಾದರೂ ಬೇಡವೆ?

"ಹಕ್ಕಿಗೆ ರೆಕ್ಕೆಯಿದೆಯಮ್ಮ, ಎಲ್ಲಿಯಾದರೂ ಹೋಗುತ್ತದೆ. ಮಂಡಿನೋವಿನವರು ಎಲ್ಲಿಗೆ ಹೋಗಬೇಕು?" ಎಂದೆ ನಾನು. ಸಭೆ ನಕ್ಕಿತು. ಹುಡುಗಿ ನಗಲಿಲ್ಲ. ಪೂರ್ತಿ ಸುತ್ತಿನ ಪರವಾಗಿ ಕೈಗಳು ಹೆಚ್ಚು ಎದ್ದುವು. ಅದೇ ಸಭೆಯಲ್ಲಿ ಇನ್ನೂ ಒಂದು ನಿರ್ಣಯವಾಯಿತು: ಬೇಲಿ ಹಾಕಿ ಗೇಟಿಟ್ಟ ಮೇಲೆ ದನ, ಕುರಿ, ಹುಲ್ಲು ಕೊಯ್ಯುವವರು, ಇವರನ್ನು ಒಳಗೆ ಬಿಡತಕ್ಕದ್ದಲ್ಲ. ನಾನೇ ಬರೆದೆ, ನನ್ನದೇ ಸಹಿ. ದುಂಡಗಿನ ಅಕ್ಷರಗಳಲ್ಲಿ ಬರೆಯುವುದು ನನಗೆ ಕಚೇರಿಯಿಂದ ಬಂದ ಅಭ್ಯಾಸ.

ದೀಪದ ಕಂಬಗಳ ಜಗಳ, ಹುಲ್ಲುಹಾಸಿನ ಜಗಳ, ಬೇಲಿಗಿಡಕ್ಕೆ ಡುರಾಂಟವೋ ಅಲ್ಲವೋ ಎಂಬ ಜಗಳ, ಇವನ್ನೆಲ್ಲ ಬರೆದರೆ ಪುರವಣಿ ಸಾಲದು. ಹುಡುಗಿ ಹೇಳಿದಂತೆ ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ, ಬಸರಿ ಸಸಿಗಳನ್ನು ನೆಟ್ಟೆವು ಎಂಬುದಷ್ಟು ಸಾಕು. ಅತ್ತಿಯೋ ಬಸರಿಯೋ ಒಂದು ಹಣ್ಣು ಬಿಟ್ಟಿತೆಂದರೆ ಕುಟ್ರುಹಕ್ಕಿ, ಕೋಗಿಲೆ, ಬಾವಲಿ ಎಲ್ಲಕ್ಕೂ ಅನ್ನಛತ್ರ. ಡುರಾಂಟ ಅಂದಕ್ಕೇನೋ ಅಂದ.

ಶ್ರಾವಣದ ಒಂದು ಭಾನುವಾರ ಶ್ರಮದಾನವಿಟ್ಟುಕೊಂಡೆವು. ಮಣ್ಣು ತುಂಬುವುದಕ್ಕೆ ಮುನ್ನ ಆ ಮೂಲೆಯ ಕಸವನ್ನು ತೆಗೆಯಬೇಕಾಗಿತ್ತು. ಪ್ಲಾಸ್ಟಿಕ್ ಚೀಲಗಳು, ತೆಂಗಿನ ಚಿಪ್ಪು, ಯಾರೋ ನೀರಿಗೆ ಬಿಟ್ಟ ದೇವರ ಪಟಗಳು. ನಾನು ಉದ್ದನೆಯ ಬಿದಿರಿನ ಗಳುವಿಗೆ ಕೊಕ್ಕೆ ಕಟ್ಟಿಕೊಂಡು, ಆಪಿನ ಅಂಚಿನಲ್ಲಿ ತೇಲುತ್ತಿದ್ದ ಕೊಳೆತ ಪಾಚಿಯ ಗುಪ್ಪೆಗಳನ್ನು ದಡಕ್ಕೆ ಎಳೆಯುತ್ತಿದ್ದೆ. ಪೆನ್ನು ಬಿಟ್ಟು ಬೇರೇನನ್ನೂ ಹಿಡಿಯದ ಕೈಗೆ ಬಹಳ ಹುರುಪು. ಒಂದು ಗುಪ್ಪೆ ಸ್ವಲ್ಪ ಗಟ್ಟಿಯಾಗಿತ್ತು. ಜೊಂಡಿನ ಕಡ್ಡಿಗೆ ಸಿಕ್ಕಿಕೊಂಡಂತಿತ್ತು. ಬಲವಾಗಿ ಎಳೆದೆ. ಬಂತು. ದಡದ ಮೇಲೆ ಬಂದು ಮಗುಚಿದಾಗ ಅದರೊಳಗಿಂದ ನಾಲ್ಕು ಮೊಟ್ಟೆಗಳು ಉರುಳಿದುವು. ಚಹದ ಕಲೆ ಹತ್ತಿದ ಬಿಳಿ ಬಟ್ಟೆಯ ಬಣ್ಣ. ಎರಡು ಒಡೆದಿದ್ದುವು. ಒಂದರೊಳಗೆ ಕಣ್ಣಿತ್ತು.

ನಾನು ಸುತ್ತ ನೋಡಿದೆ. ಯಾರೂ ಕಂಡಿರಲಿಲ್ಲ, ಒಬ್ಬಳ ಹೊರತು. ಬೇಲಿಯ ಆಚೆ, ಕುಡುಗೋಲು ಹಿಡಿದು, ರಸ್ತೆಯ ಬದಿಯ ಧೂಳು ಹಿಡಿದ ಹುಲ್ಲನ್ನು ಕೊಯ್ಯುತ್ತಿದ್ದ ಒಬ್ಬ ಮುದುಕಿ ನಿಂತಿದ್ದಳು. ಮೊದಲೆಲ್ಲ ದಿನವೂ ಕೆರೆಯೊಳಗೆ ಕಾಣುತ್ತಿದ್ದವಳು.

"ಅದು ಕಸ ಅಲ್ಲ ಸಾಮಿ. ಮುಳುಕನ ಗೂಡು" ಎಂದಳು.

"ಗೂಡೆಂದು ಹೇಗಮ್ಮ ಗೊತ್ತಾಗಬೇಕು? ಮೇಲೆಲ್ಲ ಪಾಚಿಯಿತ್ತಲ್ಲ!"

"ಅದೇ ಮುಚ್ಚೋದು. ಮೇವಿಗೆ ಎದ್ದೋಗೋವಾಗ ಮೊಟ್ಟೆ ಮ್ಯಾಲೆ ಪಾಚಿ ಎಳಕೊಂಡು ಹೋಗ್ತದೆ. ನಾವು ಬಾಗ್ಲು ಹಾಕ್ಕೊಂಡು ಹೋಗಾಕಿಲ್ವಾ, ಹಂಗೆ."

ನಾಚಿಕೆಯಾದಾಗ ಮನುಷ್ಯನಿಗೆ ಕೋಪ ಬರುತ್ತದೆ. "ಇಷ್ಟು ಗೊತ್ತಿದ್ದವಳು ಮೊದಲೇ ಬಂದು ಹೇಳಬಾರದಾಗಿತ್ತೆ?" ಎಂದೆ.

ಅವಳು ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ. ನಮ್ಮಿಬ್ಬರ ನಡುವಿನ ತಂತಿಯನ್ನು ಕುಡುಗೋಲಿನ ತುದಿಯಿಂದ ಒಮ್ಮೆ ಮುಟ್ಟಿ, "ಎಲ್ಲಿಂದ ಬರ್ಲಿ ಸಾಮಿ?" ಎಂದಳು, ಹುಲ್ಲಿನ ಹೊರೆಯ ಕಡೆಗೆ ತಿರುಗಿದಳು.

ಉಳಿದ ಎರಡು ಮೊಟ್ಟೆಗಳನ್ನು ಪಾಚಿಯೊಳಗಿಟ್ಟು ಮತ್ತೆ ನೀರಿಗೆ ತಳ್ಳಿದೆ. ಅದು ವಾಲಿಕೊಂಡು ಸ್ವಲ್ಪ ದೂರ ಹೋಗಿ ಬಿಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಕಂದುಹಕ್ಕಿ ಅದೇ ಜಾಗದಲ್ಲಿ ನೀರಿನಿಂದ ಮೇಲೆದ್ದು, ಅತ್ತಿತ್ತ ನೋಡಿ, ಮುಳುಗಿತು, ಇನ್ನೊಂದು ಕಡೆ ಎದ್ದಿತು, ಮತ್ತೆ ಮುಳುಗಿತು. ಶ್ರಮದಾನ ಮುಗಿದು ಎಲ್ಲರಿಗೂ ಉಪ್ಪಿಟ್ಟು ಹಂಚುವವರೆಗೂ ಅದು ಹಾಗೆಯೇ ಮಾಡುತ್ತಿತ್ತು. ನಾನು ಉಪ್ಪಿಟ್ಟು ತಿನ್ನಲಿಲ್ಲ. ಸಕ್ಕರೆ ಕಾಯಿಲೆ ಎಂದು ಯಾರೋ ಸಮಾಧಾನ ಹೇಳಿದರು.

ಮನೆಯಲ್ಲಿ ಎರಡು ದಿನ ಮಾತಿಲ್ಲದೆ ಇದ್ದುದನ್ನು ಕಂಡು ನನ್ನಾಕೆ ವಿಚಾರಿಸಿದಳು. ಎಲ್ಲವನ್ನೂ ಹೇಳಿದೆ, ಸಮಿತಿಗೆ ಹೇಳದಿದ್ದ ಕುಕ್ಕರಹಳ್ಳಿಯ ಮಾತನ್ನೂ ಹೇಳಿದೆ. ಆಕೆ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನನಗಾಗಿ ಸುತ್ತು ಪೂರ್ತಿ ಆಗಬೇಕೇ? ನನ್ನನ್ನು ಯಾವಾಗ ಕೇಳಿದಿರಿ?"

"ಅರ್ಧಕ್ಕೆ ವಾಪಸು ಬರುವುದು ಎಂಥ ಸುತ್ತು?"

"ಏನೂಂದ್ರೆ, ಈಶ್ವರನ ಗುಡೀಲಿ ನೀವು ಪ್ರದಕ್ಷಿಣೆ ಹೇಗೆ ಹಾಕ್ತೀರಿ? ಅಭಿಷೇಕದ ನೀರು ಹರಿಯೋ ಜಾಗ ದಾಟ್ತೀರೇನು? ಗೋಮುಖದವರೆಗೆ ಹೋಗಿ ಹಿಂದಕ್ಕೆ ಬರ್ತೀರಲ್ಲ. ಅರವತ್ತು ವರ್ಷ ಹಾಗೆ ಬಂದಿದ್ದೀರಿ, ಪುಣ್ಯ ಅರ್ಧ ಬಂತು ಅಂತ ಯಾವತ್ತಾದರೂ ಜಗಳ ತೆಗೆದಿದ್ದೀರಾ?"

ಸೋಮಸೂತ್ರವನ್ನು ದಾಟಬಾರದೆಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ನನ್ನ ತಾತನ ಕೈಹಿಡಿದು ಕಲಿತದ್ದು. ಆದರೆ ಕಲಿತದ್ದೆಲ್ಲ ಬೇಕಾದ ಹೊತ್ತಿಗೆ ನೆನಪಾಗುವುದಾದರೆ ಹೆಂಡಂದಿರಿಗೆ ಮನೆಯಲ್ಲಿ ಏನು ಕೆಲಸ?

ಮುಂದಿನ ಸಭೆಯಲ್ಲಿ ನನ್ನ ನಿರ್ಣಯವನ್ನು ನಾನೇ ವಿರೋಧಿಸಿ ಮಾತನಾಡಿದೆ. ಮೊಟ್ಟೆಗಳ ವಿಷಯವನ್ನು ಮುಚ್ಚಿಡದೆ ಹೇಳಿದೆ. ಸೋಮಸೂತ್ರವನ್ನೂ ಹೇಳಿದೆ. ನಮ್ಮ ಇಂಜಿನಿಯರು ಸತ್ಯಸಂಧರು, ಸುಮ್ಮನೆ ಬಿಡುವವರಲ್ಲ. "ಗುಡಿಯಲ್ಲಿ ನೀರು ಒಳಗಿನಿಂದ ಹೊರಗೆ ಹೋಗುತ್ತೆ. ಇಲ್ಲಿ ಹೊರಗಿನಿಂದ ಒಳಗೆ ಬರುತ್ತೆ. ಬರುವುದಾದರೂ ಏನು? ತೀರ್ಥವೇ?" ಎಂದರು. ಕಾಲೇಜಿನ ಹುಡುಗಿ ಆ ಸಂಜೆ ಮೊದಲ ಬಾರಿ ನಕ್ಕಳು. "ಸಾರ್, ತೀರ್ಥ ಅಲ್ಲದ್ದಕ್ಕೇ ಆಪು ಬೇಕು ಅನ್ನುತ್ತಿರುವುದು. ಜಕ್ಕೂರಿನಲ್ಲಿ ತಲೆದೂಗಿದಿರಲ್ಲ" ಎಂದಳು. ಇಂಜಿನಿಯರು ಮತ್ತೊಮ್ಮೆ ತಲೆದೂಗದೆ ವಿಧಿಯಿರಲಿಲ್ಲ. ಹೆಜ್ಜೆ ಎಣಿಸುವ ತರುಣ, ಹೋಗಿ ಹಿಂದಿರುಗಿದರೂ ಹೆಜ್ಜೆಗಳ ಸಂಖ್ಯೆಯೇನೂ ಕಡಿಮೆಯಾಗುವುದಿಲ್ಲವೆಂದು ಲೆಕ್ಕ ಹಾಕಿ ತೋರಿಸಿದ. ಎರಡೇ ಕೈ ಹೆಚ್ಚಾಗಿ ಗೆದ್ದೆವು. ಸೋತವರಲ್ಲಿ ಇಬ್ಬರು ಈಗಲೂ ನನ್ನೊಡನೆ ಮಾತನಾಡುವುದಿಲ್ಲ. ಅವರ ಮನೆ ಕೆರೆಯ ಆಚೆಯ ದಡಕ್ಕಿದೆ. ಏರಿಗೆ ಬರಬೇಕಾದರೆ ದೊಡ್ಡ ಬಳಸು. ಅವರ ಕೋಪದಲ್ಲಿ ನ್ಯಾಯವಿಲ್ಲವೆನ್ನಲಾರೆ.

ಹುಲ್ಲಿನ ನಿರ್ಣಯವನ್ನು ತಿದ್ದುವುದು ಅದಕ್ಕಿಂತ ಕಷ್ಟವಾಯಿತು. ಹಕ್ಕಿಯ ಬಗೆಗೆ ಕರಗಿದ ಜನ ಹಸುವಿನ ಬಗೆಗೆ ಕರಗಲಿಲ್ಲ. "ಇವತ್ತು ಹುಲ್ಲು, ನಾಳೆ ಕೊಟ್ಟಿಗೆ" ಎಂದರು ಒಬ್ಬರು. ಕೈಕೊಂಡ್ರಹಳ್ಳಿಯಲ್ಲಿ ಬರೆದುಕೊಂಡಿದ್ದ ಟಿಪ್ಪಣಿಯನ್ನು ಹುಡುಕಿ ಓದಿದೆ. ಮೂರು ಸಭೆಗಳಾದ ಮೇಲೆ ವಾರಕ್ಕೆ ಮೂರು ದಿನ, ಬೆಳಗಿನ ಹೊತ್ತು, ಏರಿಯ ಕೆಳಗಿನ ಹುಲ್ಲನ್ನು ಕೊಯ್ಯಬಹುದೆಂದಾಯಿತು. ಈ ಸಮಾಚಾರವನ್ನು ಹೇಳಲು ನಾನೇ ಹಳೆಯ ಊರಿನೊಳಗೆ ಅವಳ ಮನೆಯನ್ನು ಹುಡುಕಿಕೊಂಡು ಹೋದೆ. ಇಷ್ಟು ಹೊತ್ತಿಗೆ ಅವಳು ಎರಡು ಹಸುಗಳಲ್ಲಿ ಒಂದನ್ನು ಮಾರಿಬಿಟ್ಟಿದ್ದಳು. ನನ್ನ ಮಾತನ್ನು ಕೇಳಿ, "ಒಂದಕ್ಕೆ ಎಷ್ಟು ಬೇಕಾದೀತು ಸಾಮಿ" ಎಂದಳು. ಸಂತೋಷದಿಂದ ಹೇಳಿದಳೋ ಏನೋ ನನಗೆ ತಿಳಿಯಲಿಲ್ಲ. ಕೂತುಕೊಳ್ಳಿ ಎಂದು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ಸೆರಗಿನಿಂದ ಒರೆಸಿದಳು.

ಈಗ ನಮ್ಮ ಕೆರೆಯ ದಾರಿ ಲಾಳದ ಆಕಾರದಲ್ಲಿದೆ. ಎರಡು ತುದಿಗಳಲ್ಲಿ ಎರಡು ಕಲ್ಲುಬೆಂಚು. ಅಲ್ಲಿಂದಾಚೆ ದಾರಿಯಿಲ್ಲ, ಆಪು, ಕೆಸರು, ಕೊರ್ ಕೊರ್ ಎನ್ನುವ ಜಂಬುಕೋಳಿ. ರಾಜಕಾಲುವೆಯ ಕೊಳಚೆ ಇನ್ನೂ ಪೂರ್ತಿ ನಿಂತಿಲ್ಲ. ಗಾಳಿ ಬೀಸಿದ ದಿನ ಮೂಗು ಅದನ್ನು ನೆನಪಿಸುತ್ತದೆ. ನನ್ನಾಕೆ ಹತ್ತಿರದ ಬೆಂಚಿನವರೆಗೆ ಬರುತ್ತಾಳೆ. ಕೂತು, ಚೀಲದಿಂದ ಬತ್ತಿ ಹೊಸೆಯುವ ಹತ್ತಿ ತೆಗೆಯುತ್ತಾಳೆ. ನಾನು ಏರಿಯುದ್ದಕ್ಕೂ ನಡೆದು, ಆಚೆಯ ತುದಿಯ ಬೆಂಚನ್ನು ಮುಟ್ಟಿ, ಬಂದ ದಾರಿಯಲ್ಲೇ ಹಿಂದಿರುಗುತ್ತೇನೆ. ಆ ತುದಿಯಿಂದ ನೋಡಿದರೆ ಜೊಂಡಿನ ಮೇಲೆ ಆಕೆಯ ತಲೆ ಕಾಣುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ.

ಈ ಸಲದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಹೀಗೆಯೇ ಆ ತುದಿಯಲ್ಲಿ ನಿಂತಿದ್ದಾಗ, ಆಪಿನ ಅಂಚಿನಲ್ಲಿ ಒಂದು ಪಾಚಿಯ ಗುಪ್ಪೆ ಕಾಣಿಸಿತು. ಅಂಗೈಯಗಲ. ತೇಲಿಬಂದದ್ದೋ ಕಟ್ಟಿದ್ದೋ ಗೊತ್ತಾಗಲಿಲ್ಲ. ಹೆಜ್ಜೆ ಎಣಿಸುವ ತರುಣ ಹಿಂದಿನಿಂದ ಬಂದು, ಬೆಂಚು ಮುಟ್ಟಿ ತಿರುಗಿದವನು, "ಏನ್ ಸಾರ್ ನೋಡ್ತಿದ್ದೀರಿ?" ಎಂದ.

"ಕಸವೋ ಗೂಡೋ ತಿಳಿಯುತ್ತಿಲ್ಲ. ಗೂಡಾದರೆ ಬರಬೇಕು" ಎಂದೆ.

ಅವನೂ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವನ ಕೈಗಡಿಯಾರ, ನಡೆ ನಡೆ ಎಂದು ಗುಂಯ್‌ಗುಟ್ಟಿತು. ಅವನು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಚೆಯ ಬೆಂಚಿನಿಂದ ನನ್ನಾಕೆ, ಕಾಫಿಗೆ ಹೊತ್ತಾಯಿತೆಂದು ಕೈಬೀಸಿ ಕರೆಯುತ್ತಿದ್ದಳು. ಇನ್ನೊಂದು ಗಳಿಗೆ ಎಂದು ಬೆರಳು ತೋರಿಸಿ, ನಾವಿಬ್ಬರೂ ನೀರನ್ನು ನೋಡುತ್ತ ನಿಂತೆವು.